ಸರ್ಪಗಂಧ: ಎದೆಗೂ ಮನಸ್ಸಿಗೂ ಒಂದೇ ಬೇರು



ಬೆಂಗಳೂರಿನ ಜಯನಗರದ ಅಶೋಕ ಸ್ತಂಭವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1948ರಲ್ಲಿ ಈ ಬಡಾವಣೆಗೆ ನಾಂದಿ ಹಾಡಿದಾಗ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಆ ಸ್ತಂಭವನ್ನು ಉದ್ಘಾಟಿಸಿದರು. ಅದರ ಬಳಿ ನಿಂತರೆ ಉತ್ತರಕ್ಕೆ ಲಾಲ್‌ಬಾಗ್ ಇದೆ. ಪೂರ್ವಕ್ಕೆ ಹೊಸೂರು ರಸ್ತೆಯ ಕಡೆ ನಡೆದರೆ ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ನಿಮ್ಹಾನ್ಸ್ ಸಿಗುತ್ತದೆ. ಆಗ್ನೇಯಕ್ಕೆ ಬನ್ನೇರುಘಟ್ಟ ರಸ್ತೆಯಲ್ಲಿ ಹೃದ್ರೋಗಗಳ ಜಯದೇವ ಸಂಸ್ಥೆ ಇದೆ. ಗಿಡಮರಗಳ ತೋಟ, ಮನಸ್ಸಿನ ಆಸ್ಪತ್ರೆ, ಹೃದಯದ ಆಸ್ಪತ್ರೆ, ಈ ಮೂರೂ ಕೆಲವೇ ಕಿಲೋಮೀಟರುಗಳ ಒಳಗಿವೆ.

ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬಲ್ಲ ಗಿಡವೊಂದು ಇದೆಯೇ? ಇದೆ. ಅದು ನಮ್ಮ ಮಲೆನಾಡಿನ ಕಾಡುಗಳಲ್ಲಿ ಮರಗಳ ನೆರಳಿನಲ್ಲಿ ಬೆಳೆಯುವ ಸರ್ಪಗಂಧ. ಜಯನಗರ ಹುಟ್ಟಿದ ಮರುವರ್ಷ, ಅಂದರೆ 1949ರಲ್ಲಿ, ಮುಂಬಯಿಯ ವೈದ್ಯರೊಬ್ಬರು ಇದರ ಬೇರಿನ ಬಗ್ಗೆ ಬರೆದ ಲೇಖನ ಜಗತ್ತಿನ ವೈದ್ಯರ ಕಣ್ಣು ತೆರೆಸಿತು. ಅಧಿಕ ರಕ್ತದೊತ್ತಡಕ್ಕೂ ಕೆರಳಿದ ಮನಸ್ಸಿಗೂ ಒಂದೇ ಬೇರು ಮದ್ದಾಗಬಲ್ಲದು ಎಂಬುದು ಆಗ ದೊಡ್ಡ ಸುದ್ದಿ. ಆ ಸುದ್ದಿಯ ಹಿಂದಿನ ಇತಿಹಾಸವನ್ನೂ ಅದರಿಂದ ನಾವು ಕಲಿಯಬೇಕಾದ ಪಾಠವನ್ನೂ ಈ ಪುಟಗಳಲ್ಲಿ ನೋಡೋಣ.

ಎದೆ ಎಂಬ ಮಾತು

ಕನ್ನಡದಲ್ಲಿ 'ಎದೆ' ಎಂಬ ಒಂದೇ ಪದಕ್ಕೆ ಎರಡು ಕೆಲಸ. ವೈದ್ಯರ ಮುಂದೆ "ಎದೆ ನೋವು" ಎಂದರೆ ಶರೀರದ ಮಾತು. "ಎದೆಗುಂದಬೇಡ", "ಎದೆ ಝಲ್ಲೆಂದಿತು", "ಅವನಿಗೆ ಎದೆಗಾರಿಕೆ ಇದೆ" ಎಂದರೆ ಮನಸ್ಸಿನ ಮಾತು. ನಮ್ಮ ಹಿರಿಯರು ಇವೆರಡನ್ನೂ ಬೇರೆ ಬೇರೆಯಾಗಿ ಕಾಣಲಿಲ್ಲ. ಆಯುರ್ವೇದದ ಹಳೆಯ ಗ್ರಂಥವಾದ ಚರಕ ಸಂಹಿತೆಯೂ ಹೃದಯವನ್ನು ಚೇತನದ ನೆಲೆಯೆಂದು ಭಾವಿಸಿತ್ತು.

ಮನಸ್ಸಿನ ನೆಲೆ ಮಿದುಳು ಎಂಬುದು ಇಂದು ನಮಗೆ ತಿಳಿದಿದೆ. ಆದರೂ ಹಳಬರ ಅನುಭವ ಪೂರ್ತಿ ಸುಳ್ಳಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ನಿಮ್ಮ ಎದೆ ಹೊಡೆದುಕೊಳ್ಳುವುದನ್ನು ನೀವೇ ಬಲ್ಲಿರಿ. ಹೆದರಿಕೆ ಹುಟ್ಟುವುದು ಮಿದುಳಿನಲ್ಲಿ, ಓಟ ಕೀಳುವುದು ಹೃದಯ. ಈ ಎರಡರ ನಡುವೆ ಸುದ್ದಿ ಒಯ್ಯುವವು ನರಗಳು. ಸರ್ಪಗಂಧದ ಗುಟ್ಟು ಅಡಗಿರುವುದು ಆ ನರಗಳ ತುದಿಯಲ್ಲಿಯೇ. ಆದರೆ ಆ ಗುಟ್ಟು ಬಯಲಾಗಲು 20ನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

ಗಿಡದ ಪರಿಚಯ

ಸರ್ಪಗಂಧವು ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ ಬೆಳೆಯುವ ಪೊದೆಯ ಜಾತಿಯ ಗಿಡ. ಕಾಂಡದ ಒಂದೊಂದು ಗಿಣ್ಣಿನಲ್ಲೂ ಸಾಮಾನ್ಯವಾಗಿ ಮೂರು ಮೂರು ಎಲೆಗಳು ಸುತ್ತುವರಿದಿರುತ್ತವೆ. ಹೂಗಳು ಬಿಳಿ, ಅವುಗಳ ತೊಟ್ಟು ಕೆಂಪು. ಹಣ್ಣು ಮಾಗಿದಾಗ ಕಪ್ಪು ಛಾಯೆಯ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೇರು ಅಂಕುಡೊಂಕಾಗಿ ನೆಲದೊಳಗೆ ಇಳಿದಿರುತ್ತದೆ. ಬಾಯಿಗಿಟ್ಟರೆ ಬಹಳ ಕಹಿ. ನಮ್ಮ ಅಂಗಳದ ಕಣಗಿಲೆ, ನಿತ್ಯಪುಷ್ಪ, ದೇವಕಣಗಿಲೆಗಳು ಈ ಗಿಡದ ಬಂಧುಗಳು. ಎಲ್ಲವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು.

ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ, ಶಿವನಾಭಿ, ಗರುಡಪಾತಾಳ ಎಂಬ ಹೆಸರುಗಳೂ ಉಂಟು. ಸರ್ಪಗಂಧ ಎಂಬ ಹೆಸರು ಹಾವಿನ ವಿಷದ ನೆನಪನ್ನು ತರುತ್ತದೆ. ನಾಗರಹಾವಿನ ಜೊತೆ ಕಾದಾಡುವ ಮುನ್ನ ಮುಂಗುಸಿ ಈ ಗಿಡವನ್ನು ಅಗಿದು ಹೋಗುತ್ತದೆ ಎಂಬ ಕಥೆ ಹಿಂದೆ ಹಲವು ದೇಶಗಳಲ್ಲಿ ಹಬ್ಬಿತ್ತು. ಕಥೆ ಸೊಗಸಾಗಿದೆ, ಆದರೆ ನಂಬಬಾರದು. ಹಾವು ಕಚ್ಚಿದರೆ ಈ ಬೇರಿನಿಂದ ಪ್ರಯೋಜನವಿಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಿ ವಿಷನಿರೋಧಕ ಚುಚ್ಚುಮದ್ದು ಪಡೆಯುವುದೊಂದೇ ದಾರಿ.

ಹಳೆಯ ಸಂಹಿತೆಗಳಲ್ಲಿ ಸರ್ಪಗಂಧದ ಹೆಸರು ವಿಷದ ಚಿಕಿತ್ಸೆಯ ಸಂದರ್ಭದಲ್ಲಿ ಬರುತ್ತದೆ. ಮನಸ್ಸಿನ ಕಾಯಿಲೆಗೆ ಇದನ್ನು ಬಳಸುವ ತಿಳಿವಳಿಕೆ ಉಳಿದು ಬಂದದ್ದು ಹೆಚ್ಚಾಗಿ ಜನಸಾಮಾನ್ಯರಲ್ಲಿ ಮತ್ತು ಹಳ್ಳಿಯ ವೈದ್ಯರಲ್ಲಿ. ಬಿಹಾರದಲ್ಲಿ ಇದನ್ನು 'ಹುಚ್ಚಿನ ಮದ್ದು' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ನಿದ್ದೆಯಿಲ್ಲದೆ ಕೂಗಾಡುವ ರೋಗಿಗೆ ಬೇರಿನ ಪುಡಿ ಕೊಟ್ಟರೆ ಅವನು ತಣ್ಣಗಾಗುತ್ತಾನೆ ಎಂಬುದು ಅಲ್ಲಿನವರ ಅನುಭವವಾಗಿತ್ತು. ಹಾಗೆ ಕಂಡುಕೊಂಡವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ನಮ್ಮ ಗಿಡಕ್ಕೆ ಜರ್ಮನ್ ವೈದ್ಯನ ಹೆಸರು

ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರು ರೌವೊಲ್ಫಿಯಾ ಸರ್ಪೆಂಟಿನಾ. ಮೊದಲ ಪದ ಬಂದದ್ದು ಲಿಯೊನಾರ್ಡ್ ರೌವೊಲ್ಫ್ ಎಂಬ ಜರ್ಮನ್ ವೈದ್ಯನಿಂದ. ಆಗ್ಸ್‌ಬರ್ಗ್ ಪಟ್ಟಣದ ಈತ 1573ರಿಂದ 1576ರವರೆಗೆ ಸಿರಿಯಾ, ಇರಾಕ್ ಕಡೆಯ ನಾಡುಗಳಲ್ಲಿ ಗಿಡಮೂಲಿಕೆಗಳನ್ನು ಹುಡುಕುತ್ತ ತಿರುಗಿದ. 1582ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಅಲೆಪ್ಪೊ ಪಟ್ಟಣದ ಜನ ಬಿಸಿಬಿಸಿಯಾಗಿ ಕುಡಿಯುತ್ತಿದ್ದ ಕಪ್ಪು ಪಾನೀಯವೊಂದರ ವರ್ಣನೆ ಇದೆ. ಅದು ಕಾಫಿ. ಅಚ್ಚಿನಲ್ಲಿ ಕಾಫಿಯ ಸಂಗತಿಯನ್ನು ಯೂರೋಪಿಗೆ ತಿಳಿಸಿದವರಲ್ಲಿ ಆತ ಮೊದಲಿಗ. ಬೆಳಗಿನ ಕಾಫಿಯಿಲ್ಲದೆ ದಿನ ಆರಂಭಿಸದ ನಮ್ಮ ಬೆಂಗಳೂರಿನವರು ಇದನ್ನು ಕೇಳಿ ಸಂತೋಷಪಡಬಹುದು.

ಆದರೆ ರೌವೊಲ್ಫ್ ಭಾರತಕ್ಕೆ ಬಂದವನಲ್ಲ, ಸರ್ಪಗಂಧವನ್ನು ಕಂಡವನೂ ಅಲ್ಲ. ಅವನು 1596ರಲ್ಲಿ ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1703ರಲ್ಲಿ, ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲೂಮಿಯೆ ಒಂದು ಸಸ್ಯಕುಲಕ್ಕೆ ಗೌರವಾರ್ಥವಾಗಿ ಅವನ ಹೆಸರಿಟ್ಟ. ಇದೇ ಪ್ಲೂಮಿಯೆಯ ಹೆಸರನ್ನು ನಮ್ಮ ದೇವಕಣಗಿಲೆ ಹೊತ್ತಿದೆ. ಅದರ ಶಾಸ್ತ್ರೀಯ ಹೆಸರು ಪ್ಲೂಮೇರಿಯಾ. ನಮ್ಮ ಕಾಡಿನ ಗಿಡದ ಬಳಕೆ ಕಂಡುಹಿಡಿದವರು ಅನಾಮಿಕರಾಗಿ ಉಳಿದರು, ಅದನ್ನು ನೋಡದವನ ಹೆಸರು ಗಿಡಕ್ಕೆ ಅಂಟಿಕೊಂಡಿತು. ಸಸ್ಯಶಾಸ್ತ್ರದ ಇತಿಹಾಸದಲ್ಲಿ ಇಂಥ ಉದಾಹರಣೆಗಳು ಅನೇಕ.

1931: ಕಲ್ಕತ್ತ ಮತ್ತು ದೆಹಲಿ

ಜನರ ಅನುಭವದಲ್ಲಿದ್ದ ಬೇರು ಪ್ರಯೋಗಶಾಲೆಯ ಮೇಜಿನ ಮೇಲೆ ಬಂದದ್ದು 1931ರಲ್ಲಿ. ಆ ಒಂದೇ ವರ್ಷ ಎರಡು ಮುಖ್ಯ ಕೆಲಸಗಳು ಪ್ರಕಟವಾದವು.

ಮೊದಲನೆಯದು ಕಲ್ಕತ್ತದಲ್ಲಿ. ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಬಲ್ಲ ಗಣನಾಥ ಸೇನ್ ಹಾಗೂ ಕಾರ್ತಿಕ್ ಚಂದ್ರ ಬೋಸ್ ಅವರು ಬೇರಿನ ಪುಡಿಯನ್ನು ರೋಗಿಗಳಿಗೆ ಕೊಟ್ಟು ಪರಿಣಾಮವನ್ನು ಗಮನಿಸಿದರು. ಅವರ ಲೇಖನ 'ಇಂಡಿಯನ್ ಮೆಡಿಕಲ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು. ಮನೋವಿಕಾರ ಮತ್ತು ಅಧಿಕ ರಕ್ತದೊತ್ತಡ, ಇವೆರಡಕ್ಕೂ ಇದು ಹೊಸ ಭಾರತೀಯ ಔಷಧ ಎಂದು ಆ ಲೇಖನದ ಶೀರ್ಷಿಕೆಯೇ ಸಾರಿತ್ತು. ಎದೆ ಮತ್ತು ಮನಸ್ಸು ಎರಡೂ ಒಂದೇ ಶೀರ್ಷಿಕೆಯಲ್ಲಿ ಕೂಡಿ ಬಂದಿದ್ದವು.

ಎರಡನೆಯದು ದೆಹಲಿಯಲ್ಲಿ. ಯುನಾನಿ ವೈದ್ಯರೂ ಸ್ವಾತಂತ್ರ್ಯ ಹೋರಾಟದ ನಾಯಕರೂ ಆಗಿದ್ದ ಹಕೀಂ ಅಜ್ಮಲ್ ಖಾನರು ಅಲ್ಲಿನ ತಿಬ್ಬಿಯಾ ಕಾಲೇಜಿನಲ್ಲಿ ಗಿಡಮೂಲಿಕೆಗಳ ರಾಸಾಯನಿಕ ಸಂಶೋಧನೆಗೆ ಪ್ರೋತ್ಸಾಹ ಕೊಟ್ಟಿದ್ದರು. ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅವರು ಬೇರಿನಿಂದ ಹಲವು ಕ್ಷಾರಾಭಗಳನ್ನು, ಅಂದರೆ ಸಸ್ಯಗಳಲ್ಲಿರುವ ಸಾರಜನಕಯುಕ್ತ ಕಹಿ ವಸ್ತುಗಳನ್ನು, ಬೇರ್ಪಡಿಸಿದರು. 1927ರಲ್ಲಿ ತೀರಿಕೊಂಡಿದ್ದ ಅಜ್ಮಲ್ ಖಾನರ ನೆನಪಿಗಾಗಿ ಒಂದಕ್ಕೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಅಜ್ಮಲೀನ್ ಹೃದಯದ ವಿದ್ಯುತ್ ಚಲನೆಯ ಮೇಲೆ ಕೆಲಸ ಮಾಡುವ ವಸ್ತು. ಯುವಕರಲ್ಲೂ ಹಠಾತ್ ಸಾವು ತರಬಲ್ಲ ಬ್ರುಗಾಡಾ ಎಂಬ ಹೃದಯದ ತೊಂದರೆಯನ್ನು ಪತ್ತೆಹಚ್ಚಲು ಯೂರೋಪಿನ ಆಸ್ಪತ್ರೆಗಳಲ್ಲಿ ಇಂದಿಗೂ ಇದನ್ನೇ ಚುಚ್ಚುಮದ್ದಾಗಿ ಕೊಟ್ಟು ಇ.ಸಿ.ಜಿ. ನೋಡುತ್ತಾರೆ.

ಮುಂದೆ 1933ರಲ್ಲಿ ಕಲ್ಕತ್ತದ ಉಷ್ಣವಲಯ ವೈದ್ಯ ಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಬೇರಿನ ಸಾರ ರಕ್ತದೊತ್ತಡವನ್ನು ಇಳಿಸುವುದನ್ನೂ ಮಂಪರು ತರುವುದನ್ನೂ ದೃಢಪಡಿಸಿದರು. 1934ರಲ್ಲಿ ಹಿಮಾಲಯ ಡ್ರಗ್ ಕಂಪನಿ ಬೇರಿನಿಂದ ತಯಾರಿಸಿದ 'ಸರ್ಪಿನಾ' ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಒಂದು ಬೇರನ್ನು ತಿನ್ನಿಸಿ ಶಾಂತಗೊಳಿಸುವುದನ್ನು ಅದರ ಸ್ಥಾಪಕರು ಕಂಡದ್ದೇ ಇದಕ್ಕೆ ಪ್ರೇರಣೆ ಎಂಬುದು ಆ ಸಂಸ್ಥೆ ಹೇಳಿಕೊಂಡು ಬಂದಿರುವ ಕಥೆ. ಡೆಹ್ರಾಡೂನಿನಲ್ಲಿ ಹುಟ್ಟಿದ ಈ ಕಂಪನಿ 1975ರಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು.

ಮುಂಬಯಿಯ 50 ರೋಗಿಗಳು

ಇಷ್ಟೆಲ್ಲ ನಡೆದರೂ ಹೊರದೇಶಗಳ ವೈದ್ಯರು ಇತ್ತ ತಿರುಗಿ ನೋಡಲಿಲ್ಲ. ಭಾರತದ ಪತ್ರಿಕೆಗಳಲ್ಲಿ ಬಂದದ್ದನ್ನು ಅಲ್ಲಿ ಓದುವವರು ಕಡಿಮೆ ಇದ್ದರು. ಈ ಸ್ಥಿತಿಯನ್ನು ಬದಲಿಸಿದವರು ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್.

ವಕೀಲ್ ಅವರ ಕೆಲಸವನ್ನು ಅರಿಯಲು ರಕ್ತದೊತ್ತಡವೆಂದರೇನು ಎಂಬುದು ತಿಳಿದಿರಬೇಕು. ಹೃದಯ ಸಂಕುಚಿಸಿ ರಕ್ತವನ್ನು ತಳ್ಳಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. ಆರೋಗ್ಯವಂತ ವಯಸ್ಕರಲ್ಲಿ ಇದು 120/80ರ ಆಸುಪಾಸಿನಲ್ಲಿರುತ್ತದೆ. ಇದು ವರ್ಷಗಟ್ಟಲೆ ಏರಿಯೇ ಇದ್ದರೆ ಹೃದಯ, ಮೂತ್ರಪಿಂಡ, ಮಿದುಳಿನ ರಕ್ತನಾಳಗಳು ಹಾಳಾಗುತ್ತವೆ. ವಿಚಿತ್ರವೆಂದರೆ ಬಹುಮಂದಿಗೆ ಯಾವ ನೋವೂ ಕಾಣುವುದಿಲ್ಲ. ಅಳೆದು ನೋಡದ ಹೊರತು ಕಾಯಿಲೆ ಇದೆಯೆಂದೇ ತಿಳಿಯದು. 1940ರ ದಶಕದಲ್ಲಿ ಇದಕ್ಕೆ ನೆಚ್ಚಿಕೊಳ್ಳಬಹುದಾದ ಮಾತ್ರೆ ಲೋಕದಲ್ಲೆಲ್ಲೂ ಇರಲಿಲ್ಲ. ಉಪ್ಪನ್ನು ಬಹುಪಾಲು ಬಿಟ್ಟ ಕಠಿಣ ಪಥ್ಯ, ವಿಶ್ರಾಂತಿ, ಕೆಲವರಿಗೆ ನರಗಳನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ, ಇಷ್ಟೇ ವೈದ್ಯರ ಕೈಯಲ್ಲಿದ್ದ ಉಪಾಯಗಳು.

ವಕೀಲ್ ಅವರು ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧದ ಮಾತ್ರೆ ಕೊಟ್ಟು, ಮೇಲಿನ ಅಂಕಿ, ಕೆಳಗಿನ ಅಂಕಿಗಳನ್ನು ಬರೆದಿಟ್ಟು ಹೋಲಿಸಿದರು. ಹೆಚ್ಚಿನವರಲ್ಲಿ ಒತ್ತಡ ಇಳಿದಿತ್ತು. ಈ ವಿವರಗಳು 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಅಚ್ಚಾದವು. ಇಂದಿನ ಅಳತೆಗೋಲಿನಲ್ಲಿ ನೋಡಿದರೆ ಅದು ಪರಿಪೂರ್ಣ ಪರೀಕ್ಷೆಯಲ್ಲ. ಸಕ್ಕರೆಯ ಹುಸಿ ಮಾತ್ರೆ ಕೊಟ್ಟ ಇನ್ನೊಂದು ಗುಂಪು ಪಕ್ಕದಲ್ಲಿದ್ದಿದ್ದರೆ ಫಲಿತಾಂಶ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೂ ಅಂಕಿಗಳಿದ್ದವು. ಆ ಅಂಕಿಗಳನ್ನು ಬೇರೊಬ್ಬ ವೈದ್ಯ ಬೇರೊಂದು ಊರಿನಲ್ಲಿ ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಿತ್ತು.

ಆಗಿದ್ದೂ ಹಾಗೆಯೇ. ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ವಿಲ್ಕಿನ್ಸ್ ಈ ಲೇಖನವನ್ನು ಓದಿ, ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದರು. ರಕ್ತದೊತ್ತಡ ಹಿತವಾಗಿ ಇಳಿಯಿತು, ನಾಡಿ ನಿಧಾನವಾಯಿತು. ಅದರ ಜೊತೆಗೆ ರೋಗಿಗಳ ಕಳವಳವೂ ತಗ್ಗಿತು. ಸೇನ್ ಮತ್ತು ಬೋಸ್ 1931ರಲ್ಲೇ ಹೇಳಿದ್ದ ಮಾತು ಸುಮಾರು ಇಪ್ಪತ್ತು ವರ್ಷಗಳ ನಂತರ ದೂರದ ಖಂಡದಲ್ಲಿ ನಿಜವೆಂದು ಕಂಡಿತು.

ಹೊಸೂರು ರಸ್ತೆಯ ಆಸ್ಪತ್ರೆ ಬದಲಾದ ವರ್ಷ

1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ಪ್ರಯೋಗಶಾಲೆಯಲ್ಲಿ ಎಮಿಲ್ ಶ್ಲಿಟ್ಲರ್ ಮತ್ತು ಯೋಹಾನೆಸ್ ಮ್ಯುಲರ್ ಈ ಬೇರಿನ ಮುಖ್ಯ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದರ ಹೆಸರು ರಿಸರ್ಪಿನ್. ಅವರ ಸಹೋದ್ಯೋಗಿ ಹ್ಯೂಗೊ ಬೈನ್ ಅದರ ಗುಣಗಳನ್ನು ಪರೀಕ್ಷಿಸಿದರು. ಸಾವಿರ ಗ್ರಾಂ ಒಣ ಬೇರಿನಲ್ಲಿ ಇದು ಇರುವುದು ಒಂದೆರಡು ಗ್ರಾಂ ಮಾತ್ರ. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಪರಿಣಾಮ ಬೀರುವಷ್ಟು ತೀಕ್ಷ್ಣ.

ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಆಸ್ಪತ್ರೆಯ ಮನೋವೈದ್ಯ ನೇಥನ್ ಕ್ಲೈನ್ ತಮ್ಮ ಮಾನಸಿಕ ರೋಗಿಗಳಿಗೆ ಸರ್ಪಗಂಧ ಮತ್ತು ರಿಸರ್ಪಿನ್ ಕೊಟ್ಟು ನೋಡಿದ ಫಲಿತಾಂಶವನ್ನು 1954ರಲ್ಲಿ ಪ್ರಕಟಿಸಿದರು. ಅದೇ 1954ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೊಸೂರು ರಸ್ತೆಯ ಬದಿಯಲ್ಲಿದ್ದ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. 2012ರ ಕಾಯ್ದೆಯ ಮೂಲಕ ಅದಕ್ಕೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನ ದೊರೆಯಿತು.

ಈ ಎರಡು ಸಂಗತಿಗಳು ಒಂದೇ ವರ್ಷ ನಡೆದದ್ದು ಕಾಕತಾಳೀಯ. ಆದರೆ ಎರಡರ ಹಿಂದೆಯೂ ಕಾಲದ ಒಂದೇ ಬದಲಾವಣೆ ಇತ್ತು. ಅಲ್ಲಿಯವರೆಗೆ ಜಗತ್ತಿನ ಬಹುತೇಕ ಮಾನಸಿಕ ಆಸ್ಪತ್ರೆಗಳು ರೋಗಿಗಳನ್ನು ಕೂಡಿಹಾಕುವ ಸ್ಥಳಗಳಾಗಿದ್ದವು. ನಿದ್ದೆ ಬರಿಸುವ ಔಷಧಗಳು, ಇನ್ಸುಲಿನ್ ಕೋಮಾ, ವಿದ್ಯುತ್ ಚಿಕಿತ್ಸೆ, ಕೆಲವೆಡೆ ಮಿದುಳಿನ ಶಸ್ತ್ರಕ್ರಿಯೆ ಬಳಕೆಯಲ್ಲಿದ್ದವು. 1950ರ ದಶಕದಲ್ಲಿ ಮನಸ್ಸಿನ ಕಾಯಿಲೆಗೂ ಮಾತ್ರೆ ಇದೆ, ರೋಗಿ ಮನೆಗೆ ಹಿಂದಿರುಗಬಹುದು ಎಂಬ ಭರವಸೆ ಹುಟ್ಟಿತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಮತ್ತು ನಮ್ಮ ಸರ್ಪಗಂಧದ ರಿಸರ್ಪಿನ್, ಈ ಎರಡೂ ಆ ಭರವಸೆಯನ್ನು ತಂದ ಮೊದಲ ಔಷಧಗಳು. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಕ್ಲೈನ್ ಮತ್ತು ವಕೀಲ್ ಇಬ್ಬರೂ ಇದ್ದರು. ಒಬ್ಬರು ಮನಸ್ಸಿಗಾಗಿ, ಇನ್ನೊಬ್ಬರು ಎದೆಗಾಗಿ.

ಒಂದೇ ಬೇರು ಎರಡು ಕೆಲಸ ಮಾಡಿದ್ದು ಹೇಗೆ?

ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿರುತ್ತವೆ. ಸುದ್ದಿ ಸಾಗಿಸುವ ರಾಸಾಯನಿಕಗಳು, ಅಂದರೆ ನಾರ್‌ಅಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ಮೊದಲಾದವು, ಅವುಗಳಲ್ಲಿ ಶೇಖರವಾಗಿರುತ್ತವೆ. ರಿಸರ್ಪಿನ್ ಈ ಚೀಲಗಳಿಗೆ ಸರಕು ತುಂಬುವ ದಾರಿಯನ್ನು ಮುಚ್ಚಿಬಿಡುತ್ತದೆ. ಕಣಜದ ಬಾಯಿ ಮುಚ್ಚಿದರೆ ಹೊರಗುಳಿದ ಧಾನ್ಯ ಇಲಿ ಹೆಗ್ಗಣಗಳ ಪಾಲಾಗುವಂತೆ, ಹೊರಗುಳಿದ ರಾಸಾಯನಿಕಗಳು ಅಲ್ಲಿಯೇ ನಾಶವಾಗುತ್ತವೆ. ದಿನ ಕಳೆದಂತೆ ಕಣಜ ಬರಿದಾಗುತ್ತದೆ.

ರಕ್ತನಾಳಗಳ ಬಳಿಯ ನರಗಳಲ್ಲಿ ಹೀಗಾದಾಗ ನಾಳಗಳು ಸಡಿಲಗೊಳ್ಳುತ್ತವೆ, ರಕ್ತದೊತ್ತಡ ಇಳಿಯುತ್ತದೆ. ಮಿದುಳಿನಲ್ಲಿ ಹೀಗಾದಾಗ ಉದ್ವೇಗ ತಗ್ಗುತ್ತದೆ. ಕ್ರಿಯೆ ಒಂದೇ, ನಡೆಯುವ ಜಾಗ ಎರಡು. ಪರಿಣಾಮ ನಿಧಾನವಾಗಿ ಕಾಣಿಸಿಕೊಂಡು, ಔಷಧ ನಿಲ್ಲಿಸಿದ ಮೇಲೂ ಕೆಲಕಾಲ ಉಳಿಯುವುದು ಇದೇ ಕಾರಣಕ್ಕೆ.

ಈ ವಿಷಯ ತಿಳಿದದ್ದರಿಂದ ವಿಜ್ಞಾನಕ್ಕೆ ಬಹಳ ಲಾಭವಾಯಿತು. 1955ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು ರಿಸರ್ಪಿನ್ ಸೆರೊಟೋನಿನ್ನನ್ನು ಬರಿದುಮಾಡುವುದನ್ನು ಕಂಡರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಅಲುಗಾಡದೆ ಕುಳಿತವು. ಡೋಪಮಿನ್ ಆಗಿ ಮಾರ್ಪಡುವ ಡೋಪಾ ಎಂಬ ವಸ್ತುವನ್ನು ಕೊಟ್ಟೊಡನೆ ಅವು ಮತ್ತೆ ಓಡಾಡಿದವು. ಕೈಕಾಲು ನಡುಗುವ ಪಾರ್ಕಿನ್‌ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೋರಿದ್ದು ಈ ಪ್ರಯೋಗ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ರಕ್ತದೊತ್ತಡದ ಇತಿಹಾಸದಲ್ಲಿಯೂ ರಿಸರ್ಪಿನ್ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಕೊಡಲು ನೆರವಾಯಿತು. ಒತ್ತಡವನ್ನು ಇಳಿಸಿದರೆ ಜೀವ ಉಳಿಯುತ್ತದೆಯೇ? ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೀವ್ರ ರಕ್ತದೊತ್ತಡವಿದ್ದ 143 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಿಸರ್ಪಿನ್ ಸೇರಿ ಮೂರು ಔಷಧಗಳು, ಇನ್ನೊಂದಕ್ಕೆ ಹುಸಿ ಮಾತ್ರೆ. ಹುಸಿ ಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಸಾವು ಅಥವಾ ಗಂಭೀರ ಅಪಾಯ ಒದಗಿತು, ಔಷಧ ಪಡೆದವರಲ್ಲಿ ಕೇವಲ 2 ಮಂದಿಗೆ. ಅಂದಿನಿಂದ ರಕ್ತದೊತ್ತಡದ ಚಿಕಿತ್ಸೆ ಕಡ್ಡಾಯ ಎಂಬ ತಿಳಿವಳಿಕೆ ವೈದ್ಯಲೋಕದಲ್ಲಿ ಗಟ್ಟಿಯಾಯಿತು.

ಗುಣದ ಜೊತೆಗೆ ದೋಷ

ಇಷ್ಟು ದೊಡ್ಡ ಹೆಸರು ಪಡೆದ ಔಷಧವನ್ನು ಇಂದು ವೈದ್ಯರು ವಿರಳವಾಗಿ ಮಾತ್ರ ಬರೆಯುತ್ತಾರೆ. ಏಕೆ? ಬಳಕೆ ಹೆಚ್ಚಿದಂತೆ ಅದರ ತೊಂದರೆಗಳೂ ಲೆಕ್ಕಕ್ಕೆ ಸಿಕ್ಕವು. ಮೂಗು ಕಟ್ಟುವುದು, ಮಂಪರು, ನಾಡಿ ತೀರ ನಿಧಾನವಾಗುವುದು, ಹೊಟ್ಟೆಯ ಹುಣ್ಣು ಕೆರಳುವುದು ಕಂಡುಬಂದವು. ಕೆಲವು ರೋಗಿಗಳು ತೀವ್ರ ಖಿನ್ನತೆಗೆ ಇಳಿದರೆಂಬ ವರದಿಗಳೂ ಬಂದವು. ಮನಸ್ಸನ್ನು ತಣಿಸುವ ಬೇರು ಕೆಲವರ ಮನಸ್ಸನ್ನು ಕುಗ್ಗಿಸಿಯೂಬಿಟ್ಟಿತ್ತು. ನಂತರದ ಮರುಪರಿಶೀಲನೆಗಳಲ್ಲಿ ಈ ಸಂಬಂಧ ಮೊದಲು ಎಣಿಸಿದಷ್ಟು ನೇರವಲ್ಲವೆಂದು ಕಂಡಿದೆ. ಆದರೂ ಖಿನ್ನತೆ ಇರುವವರು ಇದನ್ನು ಸೇವಿಸಬಾರದೆಂಬ ಎಚ್ಚರಿಕೆ ಉಳಿದಿದೆ. ಮನೋರೋಗ ಚಿಕಿತ್ಸೆಯಲ್ಲಿ ಕ್ಲೋರ್‌ಪ್ರೊಮಜೀನ್ ಬೇಗನೆ ಮುಂದಾಯಿತು. ರಕ್ತದೊತ್ತಡಕ್ಕೂ ಹೆಚ್ಚು ಹಿತವಾದ ಹೊಸ ಔಷಧಗಳು ಬಂದವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸರ್ಪಗಂಧದ ಗುಣವನ್ನು ತೋರಿಸಿದ ಅಳತೆಯೇ ಅದರ ದೋಷವನ್ನೂ ತೋರಿಸಿತು. "ಗಿಡಮೂಲಿಕೆಯಲ್ಲವೇ, ಏನೂ ಆಗುವುದಿಲ್ಲ" ಎಂಬ ಮಾತನ್ನು ನಾವು ದಿನನಿತ್ಯ ಕೇಳುತ್ತೇವೆ. ಕೆಲಸ ಮಾಡುವ ಶಕ್ತಿಯಿರುವ ಗಿಡಕ್ಕೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ ಎಂಬುದನ್ನು ಈ ಬೇರಿನ ಇತಿಹಾಸ ಸ್ಪಷ್ಟವಾಗಿ ಹೇಳುತ್ತದೆ.

ಕಾಡಿನಲ್ಲಿ ಏನಾಯಿತು?

1950ರ ದಶಕದಲ್ಲಿ ಜಗತ್ತಿನ ಬೇಡಿಕೆ ಏರಿದಾಗ ಅದರ ಭಾರ ಬಿದ್ದದ್ದು ನಮ್ಮ ಕಾಡುಗಳ ಮೇಲೆ. ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತದೆ, ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಸರ್ಪಗಂಧದಲ್ಲಿ ಬೇಕಾದದ್ದು ಬೇರು. ಬೇರು ಕಿತ್ತರೆ ಗಿಡವೇ ಹೋಯಿತು. ಬೇರು ಬಲಿಯಲು ಒಂದೂವರೆಯಿಂದ ಮೂರು ವರ್ಷ ಬೇಕು. ಕೀಳುವ ವೇಗಕ್ಕೆ ಬೆಳೆಯುವ ವೇಗ ಸಾಟಿಯಾಗಲಿಲ್ಲ. 1956ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ಡ್ ರಿಸರ್ಪಿನ್ನನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ಕಟ್ಟಿ ತೋರಿಸಿದರು. ಔಷಧ ಕಂಪನಿಗಳು ಆಫ್ರಿಕಾದ ಸೋದರ ಜಾತಿಯ ಗಿಡದಿಂದಲೂ ರಿಸರ್ಪಿನ್ ತೆಗೆದವು. ಆದರೆ ನಮ್ಮ ಕಾಡಿನ ಗಿಡ ಆಗಲೇ ಅಪರೂಪವಾಗತೊಡಗಿತ್ತು. ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಇದು 1990ರಲ್ಲಿ ಸೇರಿತು.

1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್.ಆರ್.ಎಲ್.ಎಚ್.ಟಿ. ಎಂಬ ಪ್ರತಿಷ್ಠಾನವು ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳ ಜೊತೆಗೂಡಿ ಔಷಧ ಸಸ್ಯಗಳನ್ನು ಅವು ಬೆಳೆಯುವ ಜಾಗದಲ್ಲಿಯೇ ಕಾಪಾಡುವ ತಾಣಗಳನ್ನು ರೂಪಿಸಿತು. ಬೆಂಗಳೂರಿಗೆ ಸಮೀಪದ ಸಾವನದುರ್ಗ, ದೇವರಾಯನದುರ್ಗಗಳಲ್ಲಿಯೂ ಅಂಥ ತಾಣಗಳಿವೆ. ಚಾರಣಕ್ಕೆ ಹೋದಾಗ ಅಲ್ಲಿನ ಯಾವ ಗಿಡವನ್ನೂ ಕೀಳಬೇಡಿ.

ತೊರೆಮತ್ತಿ ಮತ್ತು ಒಂದೆಲಗ

ಎದೆ ಮತ್ತು ಮನಸ್ಸಿಗೆಂದು ನಮ್ಮಲ್ಲಿ ಹೆಸರಾದ ಇನ್ನೂ ಎರಡು ಸಸ್ಯಗಳಿಗೆ ಇದೇ ಅಳತೆಗೋಲನ್ನು ಹಿಡಿದು ನೋಡಬಹುದು. ಕಾವೇರಿಯ ದಡದಲ್ಲಿ ಬಿಳಿಚಿದ ನುಣುಪು ತೊಗಟೆಯ ಎತ್ತರದ ಮರಗಳನ್ನು ನೀವು ಕಂಡಿರಬಹುದು. ಅವು ಅರ್ಜುನ ಅಥವಾ ತೊರೆಮತ್ತಿ. ಅದರ ತೊಗಟೆಯನ್ನು ಹೃದ್ರೋಗಕ್ಕೆ ಮೊದಲು ಹೇಳಿದ ಕೀರ್ತಿಯನ್ನು ಸುಮಾರು 7ನೆಯ ಶತಮಾನದ ವಾಗ್ಭಟನಿಗೆ ಕೊಡುತ್ತಾರೆ. ಹಾಲಿನಲ್ಲಿ ಕುದಿಸಿ ಸೇವಿಸುವ ಪದ್ಧತಿ ಇಂದಿಗೂ ಇದೆ. ಆದರೆ ಹೃದಯ ದುರ್ಬಲಗೊಂಡ ನೂರು ರೋಗಿಗಳ ಮೇಲೆ ಭಾರತದಲ್ಲಿ ನಡೆದು 2016ರಲ್ಲಿ ಪ್ರಕಟವಾದ, ಹುಸಿ ಮಾತ್ರೆಯೊಂದಿಗೆ ಹೋಲಿಸಿದ ಪರೀಕ್ಷೆಯಲ್ಲಿ, ತೊಗಟೆಯ ಸಾರದಿಂದ ಹೃದಯ ರಕ್ತವನ್ನು ತಳ್ಳುವ ಶಕ್ತಿ 12 ವಾರಗಳಲ್ಲಿ ಹೆಚ್ಚಲಿಲ್ಲ. ಹೆಸರು ಹಳೆಯದಾದ ಮಾತ್ರಕ್ಕೆ ಉತ್ತರ ಸಿದ್ಧವಾಗಿರುವುದಿಲ್ಲ.

ಮನಸ್ಸಿಗೆ ಬ್ರಾಹ್ಮಿ ಒಳ್ಳೆಯದು ಎನ್ನುತ್ತಾರೆ. ಯಾವ ಬ್ರಾಹ್ಮಿ? ನಮ್ಮ ಕಡೆ ತಂಬುಳಿ, ಚಟ್ನಿ ಮಾಡುವ ಒಂದೆಲಗಕ್ಕೂ ಆ ಹೆಸರಿದೆ, ಕೆಸರಿನಲ್ಲಿ ಹಬ್ಬುವ ನೀರುಬ್ರಾಹ್ಮಿಗೂ ಆ ಹೆಸರಿದೆ. ಇವೆರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ನೆನಪಿನ ಶಕ್ತಿಗಾಗಿ ಅಧ್ಯಯನ ಮಾಡಿದ್ದು ನೀರುಬ್ರಾಹ್ಮಿಯನ್ನು. ಅದರ ಫಲಿತಾಂಶವನ್ನು ಒಂದೆಲಗದ ತಲೆಗೆ ಕಟ್ಟುವಂತಿಲ್ಲ. ಊಟದ ಎಲೆಯ ಮೇಲೆ ಒಂದೆಲಗದ ತಂಬುಳಿ ತಂಪಾಗಿ, ರುಚಿಯಾಗಿ ಇರುತ್ತದೆ. ಅದನ್ನು ಅಡುಗೆಯೆಂದು ಉಣ್ಣೋಣ. ಚಿಕಿತ್ಸೆಯೆಂದು ಹೇಳುವುದಕ್ಕೆ ಬೇರೆ ಪುರಾವೆ ಬೇಕು.

ಮನೆಯಲ್ಲಿ ಹೇಳಬೇಕಾದ ಮಾತು

ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ದಿನವೂ ಬಿ.ಪಿ. ಮಾತ್ರೆ ನುಂಗುತ್ತಿರಬಹುದು. ಯಾರೋ ಹೇಳಿದರೆಂದು ಗ್ರಂಧಿಗೆ ಅಂಗಡಿಯಿಂದ ಬೇರಿನ ಪುಡಿ ತಂದು, ಮಾತ್ರೆಯನ್ನು ನಿಲ್ಲಿಸುವ ಯೋಚನೆ ಅವರಿಗೆ ಬರಬಹುದು. ಆಗ ನೀವು ಅವರಿಗೆ ಈ ಕಥೆಯನ್ನು ಹೇಳಿ. ಆ ಪುಡಿಯಲ್ಲಿ ಔಷಧದ ಅಂಶ ಎಷ್ಟಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಮಾತ್ರೆಯ ಜೊತೆ ಸೇರಿದರೆ ಒತ್ತಡ ತೀರ ಕುಸಿಯಬಹುದು, ಮಾತ್ರೆ ಬಿಟ್ಟರೆ ಸದ್ದಿಲ್ಲದೆ ಏರಬಹುದು. ಯಾವ ಗಿಡಮೂಲಿಕೆ ಸೇವಿಸುತ್ತಿದ್ದರೂ ವೈದ್ಯರಿಂದ ಮುಚ್ಚಿಡಬಾರದು. ಹಾಗೆಯೇ ಬೇಸರ, ಭಯ, ನಿದ್ದೆಗೇಡು ವಾರಗಟ್ಟಲೆ ಕಾಡಿದರೆ, ಅದು ಹಿರಿಯರಿಗಿರಲಿ ನಿಮಗೇ ಇರಲಿ, ನಂಬಿಕೆಯವರೊಡನೆ ಹೇಳಿಕೊಂಡು ವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಬೇಡ.

ಹೆಸರು ತಿಳಿಯದ ಹಳ್ಳಿಯ ವೈದ್ಯರು, ಕಲ್ಕತ್ತದ ಸೇನ್ ಮತ್ತು ಬೋಸ್, ದೆಹಲಿಯ ಸಿದ್ದಿಕಿಗಳು, ಮುಂಬಯಿಯ ವಕೀಲ್, ಬಾಸೆಲ್‌ನ ರಸಾಯನಶಾಸ್ತ್ರಜ್ಞರು, ಇವರಲ್ಲಿ ಯಾರೊಬ್ಬರಿಂದಲೂ ಈ ಕೆಲಸ ಒಂಟಿಯಾಗಿ ಆಗುತ್ತಿರಲಿಲ್ಲ. ಪರಂಪರೆ ಪ್ರಶ್ನೆಯನ್ನು ಕೊಟ್ಟಿತು, ಪರೀಕ್ಷೆ ಉತ್ತರವನ್ನು ಹುಡುಕಿತು. ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ಮರಗಿಡಗಳ ಹೆಸರಿನ ಫಲಕಗಳನ್ನು ನಿಂತು ಓದಿ. ಮನೆಗೆ ಬಂದು ಅವುಗಳ ಕನ್ನಡದ ಹೆಸರನ್ನು, ಬಳಕೆಯನ್ನು ಹಿರಿಯರಲ್ಲಿ ಕೇಳಿ ಬರೆದಿಡಿ. ಆ ಟಿಪ್ಪಣಿಯ ಪಕ್ಕದಲ್ಲಿ ಒಂದು ಸಾಲನ್ನು ಖಾಲಿ ಬಿಡಿ. "ಇದನ್ನು ಯಾರು, ಹೇಗೆ ಪರೀಕ್ಷಿಸಿದ್ದಾರೆ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಅದನ್ನು ತುಂಬಿ.